ದುಂಡು ಅರ್ಜಿ

ವಾರಿಜ ಸಿಸ್ಟರ್‌ಗೆ ಕಾನೂನು ಕಲಿಸಿದ್ದು
ವಕೀಲರಲ್ಲ, ಅವರ ಅಮ್ಮ ಅಕ್ಕು.
ಪಂಜಿಮೊಗರಿನ ಜಗಲಿಯಲ್ಲಿ ಕಾಲು ಚಾಚಿ,
ಮಡಿಲಲ್ಲಿ ತಡಪೆ, ತಡಪೆಯಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ,
ಸಾವಿರ ಬೀಡಿಗೆ ಇಷ್ಟೆಂದು ಬೆರಳಲ್ಲೇ ಲೆಕ್ಕ.
ಮಗಳು ಬಿಳಿ ಟೊಪ್ಪಿ ತೊಟ್ಟು ಮೊದಲ ಸಲ ಮನೆಗೆ ಬಂದಾಗ
ಅಕ್ಕು ತಲೆ ಎತ್ತದೆ ಕೇಳಿದರಂತೆ:
"ನಿಕ್ಕ್ ಪಾಸ್‌ಬುಕ್ ಉಂಡಾ?"

ಇರಲಿಲ್ಲ.
ಬೀಡಿ ಬ್ರಾಂಚಿನ ಹೆಂಗಸಿಗೆ ಪಿ.ಎಫ್. ಇತ್ತು,
ಮೆರವಣಿಗೆ ಹೋಗಿ ಗಂಟಲು ಹರಿದು ತಂದ ಡಿ.ಎ. ಇತ್ತು.
ಮೂರು ವರ್ಷ ಓದಿದ ಮಗಳಿಗೆ ಬಾಂಡು,
ಆಫೀಸಿನ ಕಪಾಟಿನಲ್ಲಿ ಅಡವಿಗೆ ಬಿದ್ದ ಸರ್ಟಿಫಿಕೇಟು,
ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ
ಸೇವೆಯೇ ದೇವರು.

ದೇವರಿಗೆ ಹನ್ನೆರಡು ಗಂಟೆ ಡ್ಯೂಟಿ ಉಂಟೋ ಇಲ್ಲವೋ,
ನಮಗಿತ್ತು. ನಲವತ್ತು ಬೆಡ್ಡಿಗೆ ಇಬ್ಬರು.
ಥರ್ಮಾಮೀಟರ್ ಒಡೆದರೆ ಸಂಬಳದಲ್ಲಿ ಕಡಿತ,
ಪಾದರಸ ಮಾತ್ರ ನೆಲದ ತುಂಬ ಪುಕ್ಕಟೆ ಓಡುತ್ತಿತ್ತು.
ಇಡುಕ್ಕಿಯ ಏಲಿಯಮ್ಮನಿಗೆ ರೋಗಿಯ ಸೂಜಿ ಚುಚ್ಚಿತು;
ರಕ್ತಪರೀಕ್ಷೆಯ ಬಿಲ್ಲು
ಅವಳ ಸಂಬಳದ ಕವರಿನೊಳಗೇ ಮಡಚಿ ಬಂತು.

ಆ ರಾತ್ರಿ ಸ್ಟೆರಿಲೈಸರ್ ಕೋಣೆಯ ಹಬೆಯಲ್ಲಿ
ವಾರಿಜ ಸಿಸ್ಟರ್ ಕಾಗದದ ಮೇಲೆ
ಡ್ರೆಸ್ಸಿಂಗಿನ ಬಟ್ಟಲು ಕವುಚಿ
ಸುತ್ತ ಪೆನ್ಸಿಲ್ ಓಡಿಸಿದರು.
"ಗೆರೆಯ ಮೇಲೆ ಸಹಿ ಹಾಕಿ. ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ.
ಯಾರ ಜುಟ್ಟು ಮೊದಲು ಹಿಡಿಯುವುದೆಂದು ಅವರೇ ತಲೆ ಕೆರೆದುಕೊಳ್ಳಲಿ."

ಏಲಿಯಮ್ಮ ಹಾಕಿದಳು. ಪೆನ್ನು ನನ್ನ ಕೈಗೆ ಬಂತು.
ನಾನು ಮಡಂತ್ಯಾರಿನವಳು, ಹತ್ತೊಂಬತ್ತು ವಯಸ್ಸು,
ಮನೆಯಲ್ಲಿ ಮೂವರು ತಂಗಿಯರು.
ಹದಿನೇಳನೇ ಬೆಡ್ಡಿನ ಗಂಟೆ ಬಾರಿಸಿತು.
ಬಾರಿಸಿತೇ?
ಬಾರಿಸಿತೆಂದೇ ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ.

ಮೊದಲಿಲ್ಲದ ಸುತ್ತಿನಲ್ಲೂ ಮೊದಲನ್ನು ಹುಡುಕುವುದು
ಆಡಳಿತದವರಿಗೆ ಗೊತ್ತಿತ್ತು.
ಬಟ್ಟಲು ತರಿಸಿದರು, ಗೆರೆಗೆ ಕೂರಿಸಿ ನೋಡಿದರು,
ಕೇಳಿದ್ದು ಒಂದೇ: ಇದು ಯಾವ ವಾರ್ಡಿನದು?
ಸಂಜೆಯೊಳಗೆ ವಾರಿಜ ಸಿಸ್ಟರ್
ಟ್ರಂಕು ಹೊತ್ತು ಗೇಟಿನಾಚೆ.

ಆಮೇಲಿನದು ನಾನು ಕಂಡದ್ದಲ್ಲ, ಕೇಳಿದ್ದು.
ಬೆಳಿಗ್ಗೆ ಮನೆ ಮನೆಗೆ ಹೋಗಿ ಗಾಯ ಕಟ್ಟುವುದು,
ಮಧ್ಯಾಹ್ನ ಲೇಬರ್ ಆಫೀಸಿನ ಬೆಂಚಿನಲ್ಲಿ
ಬುತ್ತಿ ಬಿಚ್ಚಿ, ಮುಂದಿನ ತಾರೀಕು ಬರೆದುಕೊಂಡು ಏಳುವುದು.
ಬಸ್ಸಿನಲ್ಲಿ ಯಾರೋ ಹಂಗಿಸಿದರಂತೆ,
ನರ್ಸುಗಳೂ ಸಂಬಳಕ್ಕೆ ಜಗಳ ಮಾಡುವ ಕಾಲ ಬಂತಲ್ಲ ಎಂದು.
"ಬಂದರಿನಲ್ಲಿ ಸೇವೆಗೆ ಬಂಗುಡೆ ಕೊಡುವವರು ಉಂಟಾ?
ಇದ್ದರೆ ಹೇಳಿ ಮಾರಾಯ್ರೇ, ನಾನೂ ಚೀಲ ತರುತ್ತೇನೆ."
ಕಂಡಕ್ಟರ್ ಆ ದಿನ ಅವರಿಂದ ಟಿಕೆಟಿನ ಹಣ ತೆಗೆದುಕೊಳ್ಳಲಿಲ್ಲ,
ಅವರು ಬಲವಂತವಾಗಿ ಕೊಟ್ಟರು.

ಏಳನೇ ವರ್ಷ ಬಂತು: ಎಂಟು ಗಂಟೆ,
ಕಪಾಟಿನಿಂದ ಸರ್ಟಿಫಿಕೇಟುಗಳು,
ಸೂಜಿ ಚುಚ್ಚಿದರೆ ಖರ್ಚು ಆಸ್ಪತ್ರೆಯದು.
ಎಲ್ಲರಿಗೂ ಬಂತು.
ಸಹಿ ಹಾಕದವಳಿಗೂ ಬಂತು.
ಅವರನ್ನು ಮಾತ್ರ ಮತ್ತೆ ಕರೆಯಲಿಲ್ಲ.

ನನ್ನ ಪಿ.ಎಫ್. ಕೈಗೆ ಬಂದ ವಾರ
ಹಣ್ಣು ಕಟ್ಟಿಸಿಕೊಂಡು ಪಂಜಿಮೊಗರಿಗೆ ಹೋದೆ.
ಮಾತಿಗೆ ಮಾತು ಬಂದು ಫೈಲು ತೆಗೆದರು.
ಹುಳ ತಿಂದ ಹಾಳೆ, ಬಟ್ಟಲಿನ ಗೆರೆ, ಹನ್ನೊಂದು ಹೆಸರು.
ಏಲಿಯಮ್ಮನಿಗೂ ಗ್ರೆಟ್ಟಾಳಿಗೂ ನಡುವೆ
ಒಂದು ಹೆಸರು ಹಿಡಿಸುವಷ್ಟು ಜಾಗ.
ಒತ್ತಿ ಬರೆದು ಮುಚ್ಚಬಹುದಿತ್ತು ಗ್ರೆಟ್ಟಾ.
ಯಾರು ಬೇಡವೆಂದರೋ.

ವಾರಿಜ ಸಿಸ್ಟರ್ ಕೇಳಿದ್ದು ಇಷ್ಟೇ:
"ಚಹಕ್ಕೆ ಸಕ್ಕರೆ ಹಾಕುವುದಾ, ನಿನಗೂ ಶುಗರ್ ಉಂಟಾ?"
ಬ್ಯಾಗಿನಲ್ಲಿ ಪೆನ್ನಿತ್ತು.
ಕೆಳಗೆ ರಸ್ತೆಯಲ್ಲಿ ಬಸ್ಸಿನವ
ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್ ಎಂದು
ಯಾರನ್ನೋ ಕಾಯುತ್ತಾ ಕೂಗುತ್ತಲೇ ಇದ್ದ.